ಹಳೆಯ ವಿಚ್ಛೇದನ, ಸೋಡಚೀಟಿ (ಬಿಡುಗಡೆ ಪತ್ರ), ಪೋಟಗಿ (ಜೀವನಾಂಶ) ಕಾಗದ: ಉತ್ತರ ಕನ್ನಡದಲ್ಲಿ ಎಲ್ಲಿ ಹುಡುಕಬೇಕು?

ಗಂಗಾವಳಿ ದಂಡೆ
ವಂಶಾವಳಿಯಲ್ಲಿ ಒಂದು ಕೊಂಡಿ ಸಿಗುತ್ತಿಲ್ಲ. ಅಂಕೋಲೆಯ ಹೆಣ್ಣು, ಕುಮಟೆಗೆ ಕೊಟ್ಟದ್ದು, ಮದುವೆ 1938ರ ಸುಮಾರಿಗೆ. 1951ರ ತವರಿನ ಜಮೀನು ಕಾಗದದಲ್ಲಿ ಅವರ ಹೆಸರಿನ ಮುಂದೆ "ಗಂಡ" ಅಂತ ಇಲ್ಲ, "ತಂದೆ" ಅಂತ ಇದೆ. ಗಂಡ ಆಗ ಬದುಕಿದ್ದರು, ಇನ್ನೊಂದು ಮದುವೆಯೂ ಆಗಿತ್ತು. ಕೋರ್ಟಿನ ವೆಬ್‌ಸೈಟಿನಲ್ಲಿ ಹೆಸರು ಹಾಕಿದರೆ ಏನೂ ಬರುವುದಿಲ್ಲ. ವಿಚ್ಛೇದನ ಆಗಿದ್ದರೆ ಅದರ ದಾಖಲೆ ಎಲ್ಲಿರುತ್ತದೆ, ಯಾವ ಕ್ರಮದಲ್ಲಿ ಹುಡುಕಬೇಕು?

ದಫ್ತರ ಕೋಣೆ
ವೆಬ್‌ಸೈಟ್ ಮುಚ್ಚಿಡಿ. ಈ-ಕೋರ್ಟ್ಸ್‌ನಲ್ಲಿ ಇರುವುದು ಕಂಪ್ಯೂಟರ್ ಬಂದ ಮೇಲಿನ ಕೇಸುಗಳು. 1950ರ ಆಸುಪಾಸಿನದ್ದು ಕೈಬರಹದ ರಿಜಿಸ್ಟರಿನಲ್ಲೇ ಸಿಗಬೇಕು.

ಮೊದಲು ಇಸವಿ ನೋಡಿ. ನಮ್ಮ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬಯಿಗೆ ಹೋಯಿತು, 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಬಂತು. ಹಾಗಾಗಿ ಇಲ್ಲಿನ ಹಿಂದೂಗಳಿಗೆ ಕೋರ್ಟಿನ ವಿಚ್ಛೇದನ ಸಿಕ್ಕಿದ್ದು 1955ರಲ್ಲಲ್ಲ, 1947ರ ಮುಂಬಯಿ ಹಿಂದೂ ವಿಚ್ಛೇದನ ಕಾಯ್ದೆಯಿಂದ. ತುಂಬ ಜನ ಇದನ್ನು ಮರೆತು 1955ರ ಈಚೆಗಿನದ್ದನ್ನು ಮಾತ್ರ ತೆಗೆಸುತ್ತಾರೆ, ನಡುವಿನ ಎಂಟು ವರ್ಷದ ರಿಜಿಸ್ಟರನ್ನು ಯಾರೂ ಮುಟ್ಟುವುದಿಲ್ಲ. ನಿಮ್ಮ ಪ್ರಕರಣ ಬೀಳಬಹುದಾದ್ದು ಅಲ್ಲೇ. 1955ರ ಮೇ 18ರಿಂದ ಹಿಂದೂ ವಿವಾಹ ಕಾಯ್ದೆ ನಡೆಯಿತು, ಮುಂಬಯಿ ಕಾಯ್ದೆ ರದ್ದಾಯಿತು.

1947ಕ್ಕೆ ಮೊದಲೇ ಬೇರೆಯಾಗಿದ್ದರೆ ಹಿಂದೂಗಳ ವಿಚ್ಛೇದನದ ದಾವೆ ಅಂತ ಹುಡುಕಿ ಫಲವಿಲ್ಲ. ಆಗ ಕೋರ್ಟಿಗೆ ಹೋಗುತ್ತಿದ್ದದ್ದು ಪೋಟಗಿ ಕೇಳಿ, ಆಭರಣ ವಾಪಸು ಕೇಳಿ, ಇಲ್ಲವೇ ಗಂಡ "ಹೆಂಡತಿ ಮನೆಗೆ ಬರಲಿ" ಅಂತ ದಾಂಪತ್ಯ ಹಕ್ಕಿನ ದಾವೆ ಹಾಕಿ. 1946ರಲ್ಲಿ ಪ್ರತ್ಯೇಕ ವಾಸ ಮತ್ತು ಜೀವನಾಂಶಕ್ಕೆ ಒಂದು ಕೇಂದ್ರ ಕಾಯ್ದೆ ಬಂತು. ಗಂಡ ಇನ್ನೊಂದು ಮದುವೆಯಾದರೆ ಅದರ ಪ್ರಕಾರ ಹೆಂಡತಿ ಬೇರೆ ಇದ್ದು ಪೋಟಗಿ ಕೇಳಬಹುದಿತ್ತು. ನೀವು ಹೇಳಿದ ಸಂಗತಿಗೆ ಇದು ಸರಿಯಾಗಿ ಹೊಂದುತ್ತದೆ.

ಇನ್ನು, ಅವರ ಜಾತಿಯ ರೂಢಿಯಲ್ಲಿ ಬಿಡುಗಡೆ ಇತ್ತೇ? ಅದರ ಮೇಲೆ ಕೋರ್ಟಿಗೋ ಸಬ್‌ರಿಜಿಸ್ಟ್ರಾರ್ ಕಚೇರಿಗೋ ಅನ್ನುವುದು ತೀರ್ಮಾನವಾಗುತ್ತದೆ.

ಗಂಗಾವಳಿ ದಂಡೆ
ಇತ್ತು ಅಂತ ಹಿರಿಯರು ಹೇಳುತ್ತಾರೆ. ಕೂಟ ಸೇರಿಸಿ ಬಿಡಿಸುತ್ತಿದ್ದರಂತೆ. ಕಾಗದ ಆಗುತ್ತಿತ್ತೋ ಇಲ್ಲವೋ ಯಾರಿಗೂ ಗೊತ್ತಿಲ್ಲ.

ಕೋಡಿಬಾಗ
ಹಿರಿಯರ ಮಾತನ್ನು 1883ರ ಮುಂಬಯಿ ಗೆಝೆಟಿಯರಿನ ಕಾನಡಾ (ಉತ್ತರ ಕನ್ನಡ) ಸಂಪುಟಕ್ಕೆ ಹೋಲಿಸಿ ನೋಡಿ. ಅದು 15ನೇ ಸಂಪುಟ, ಎರಡು ಭಾಗ. ಮೊದಲ ಭಾಗದಲ್ಲಿ ಒಂದೊಂದೇ ಜಾತಿ ಹಿಡಿದು ಪದ್ಧತಿಗಳನ್ನು ಬರೆದಿದ್ದಾರೆ. ಹೊರಗಿನ ಅಧಿಕಾರಿಗಳ ಬರವಣಿಗೆ ಅದು, ಅದರ ಮಾತೇ ಕೊನೆಯಲ್ಲ. ಆದರೂ ಕಚೇರಿಗೆ ಅಲೆಯುವ ಮೊದಲು ದಿಕ್ಕು ತಿಳಿಯಲು ಸಾಕು.

ಹಾಲಕ್ಕಿಗಳಂಥ ಸಮುದಾಯದಲ್ಲಿ ಜಾತಿಯ ಪದಾಧಿಕಾರಿಗಳಾದ ಗೌಡ, ಬುಧವಂತ, ಕೋಲಕಾರ ಕೂತು ಮಾಡಿದ ತೀರ್ಮಾನ ಬಾಯಿಮಾತಿನದ್ದು. ಅದಕ್ಕೆ ಕಾಗದ ಹುಡುಕಿ ಸಿಗಲಿಲ್ಲ ಅಂತ ಬೇಸರ ಬೇಡ.

ದಫ್ತರ ಕೋಣೆ
ಕಾಗದ ಆಗಿದ್ದರೆ ಅದು ಸೋಡಚೀಟಿ, ಬಿಡುಗಡೆ ಪತ್ರ, ಫಾರಕತ್ ಪತ್ರ, ಹೀಗೆ ಯಾವ ತಲೆಬರಹದಲ್ಲೂ ಇರಬಹುದು. 1899ರ ಸ್ಟಾಂಪ್ ಕಾಯ್ದೆಯ ಮೊದಲ ಅನುಸೂಚಿಯಲ್ಲಿ 29ನೇ ಬಾಬೇ ವಿಚ್ಛೇದನ ಪತ್ರದ್ದು, ಮೂಲದಲ್ಲಿ ಒಂದು ರೂಪಾಯಿ ಸುಂಕ. ಆಮೇಲೆ ಪ್ರಾಂತಗಳು ದರ ಬದಲಿಸಿದವು. ಮನೆಯ ಪೆಟ್ಟಿಗೆಯಲ್ಲಿ ಇಂಥ ಛಾಪಾ ಕಾಗದ ಸಿಕ್ಕಿದರೆ ಮುಂಬದಿಯ ಬರಹ ಓದುವ ಮೊದಲು ತಿರುಗಿಸಿ ಬೆನ್ನು ನೋಡಿ. ಸ್ಟಾಂಪ್ ವೆಂಡರ್ ಬರೆದ ಅನುಕ್ರಮ ನಂಬರು, ತಾರೀಖು, ಕೊಂಡವರ ಹೆಸರು, ಊರು ಅಲ್ಲಿರುತ್ತದೆ. ರಿಜಿಸ್ಟರ್ ಆಗಿದ್ದರೆ ಹಾಜರುಪಡಿಸಿದ ಹೊತ್ತು, ಹೆಬ್ಬೆಟ್ಟು, ಗುರುತು ಹೇಳಿದವರ ಸಹಿ, ಕೊನೆಗೆ ಪುಸ್ತಕದ ನಂಬರು, ಸಂಪುಟ, ಪುಟ. ಆ ಮೂರು ಅಂಕಿ ಇದ್ದರೆ ಅರ್ಧ ಕೆಲಸ ಆಯಿತು.

ಶಿರಸಿ ಪೇಟೆ
ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಜನ ಎಡವುವ ಜಾಗ ನಾನು ಹೇಳುತ್ತೇನೆ. ಎಲ್ಲರೂ ಹೋಗಿ ಇಸಿ (ಋಣಭಾರ ಪ್ರಮಾಣಪತ್ರ) ಕೇಳುತ್ತಾರೆ. ಇಸಿಯಲ್ಲಿ ಬರುವುದು ಸ್ಥಿರಾಸ್ತಿಯ ವ್ಯವಹಾರ, ಅಂದರೆ 1ನೇ ಪುಸ್ತಕದ್ದು. ಆಸ್ತಿ ಇಲ್ಲದ ಬಿಡುಗಡೆ ಪತ್ರ ನಕಲಾಗುವುದು 4ನೇ ಪುಸ್ತಕದಲ್ಲಿ, ಸಂಕೀರ್ಣ ದಸ್ತಾವೇಜುಗಳ ಜೊತೆ. ಅದರ ಸೂಚಿ ಬೇರೆ, 4ನೇ ಇಂಡೆಕ್ಸ್. ನೂರು ವರ್ಷದ ಇಸಿ ತೆಗೆಸಿದರೂ ಅದು ಕಾಣುವುದಿಲ್ಲ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶವೂ ಇದಕ್ಕೆ ಉಪಯೋಗವಿಲ್ಲ.

4ನೇ ಪುಸ್ತಕವನ್ನು ನೀವೇ ಕೂತು ತಿರುವಲು ಬಿಡುವುದಿಲ್ಲ. 1908ರ ನೋಂದಣಿ ಕಾಯ್ದೆಯ 57ನೇ ಕಲಮಿನ ಪ್ರಕಾರ 1ನೇ ಪುಸ್ತಕ ಶುಲ್ಕ ಕಟ್ಟಿದ ಯಾರಿಗೂ ಮುಕ್ತ. 4ನೇ ಪುಸ್ತಕವನ್ನು ಹುಡುಕುವುದು ನೋಂದಣಿ ಅಧಿಕಾರಿ ಮಾತ್ರ, ನಕಲು ಸಿಗುವುದು ಬರೆದುಕೊಟ್ಟವರಿಗೆ, ಬರೆಸಿಕೊಂಡವರಿಗೆ, ಅವರ ಏಜೆಂಟ್ ಅಥವಾ ಪ್ರತಿನಿಧಿಗೆ. ಹಾಗಾಗಿ ಅರ್ಜಿಯ ಜೊತೆ ಇಬ್ಬರದ್ದೂ ಮರಣ ದಾಖಲೆ ಮತ್ತು ನಾಡಕಚೇರಿಯ ವಂಶವೃಕ್ಷ ಇಡಿ. "ಕುಟುಂಬದ ಇತಿಹಾಸ ಬರೆಯುತ್ತಿದ್ದೇನೆ" ಅಂದರೆ ಕೌಂಟರಿನಿಂದಲೇ ವಾಪಸು ಕಳಿಸುತ್ತಾರೆ. "ಇಂಥವರ ವಾರಸುದಾರ, ಪ್ರತಿನಿಧಿಯಾಗಿ ನಕಲು ಕೇಳುತ್ತಿದ್ದೇನೆ" ಅಂತ ಬರೆದರೆ ಅರ್ಜಿ ಮುಂದಕ್ಕೆ ಹೋಗುತ್ತದೆ.

ಯಾವ ಕಚೇರಿ ಅನ್ನುವುದು ಇನ್ನೊಂದು ತಲೆಬಿಸಿ ಮಾರಾಯ್ರೆ. ಆಗ ಜಮೀನಿನ ಪತ್ರ ರಿಜಿಸ್ಟರ್ ಆಗುತ್ತಿದ್ದದ್ದು ಜಮೀನು ಇರುವಲ್ಲಿ. ಬಿಡುಗಡೆ ಪತ್ರಕ್ಕೆ ಆ ಕಟ್ಟು ಇಲ್ಲ, ಬರೆದ ಊರಿನ ಕಚೇರಿಯಲ್ಲೋ, ಎರಡೂ ಕಡೆಯವರು ಒಪ್ಪಿದ ಬೇರೆ ಕಚೇರಿಯಲ್ಲೋ ಮಾಡಬಹುದು. ನಿಮ್ಮದಕ್ಕೆ ಕುಮಟೆ ಒಂದೇ ನೋಡಿ ಬಿಡಬೇಡಿ, ಅಂಕೋಲೆ, ಕಾರವಾರವೂ ಆಗಬೇಕು. ಊರಿನವರ ಕಣ್ಣಿಗೆ ಬೀಳಬಾರದು ಅಂತ ದೂರದ ತಾಲೂಕಿಗೆ ಹೋದವರೂ ಇರಬಹುದು.

ಇಸವಿ ಹೇಳುವಾಗ ಒಂದು ವರ್ಷ ಮುಂದಕ್ಕೂ ಸೇರಿಸಿ. ಬರೆದ ನಾಲ್ಕು ತಿಂಗಳೊಳಗೆ ಹಾಜರುಪಡಿಸಿದರೆ ಸಾಕಿತ್ತು, ನವೆಂಬರಿನ ಪತ್ರ ಮರುವರ್ಷದ ಸಂಪುಟದಲ್ಲಿ ಕೂತಿರುತ್ತದೆ.

ಕೋಡಿಬಾಗ
ಹೆಸರಿನ ಅಕ್ಷರದ ಬಗ್ಗೆಯೂ ಹೇಳಿ. ಇಂಡೆಕ್ಸ್ ಬರೆದ ಗುಮಾಸ್ತ ಕೆಲವೊಮ್ಮೆ ಹೆಸರಿನ ಮೊದಲಕ್ಷರ ಹಿಡಿಯುತ್ತಾನೆ, ಕೆಲವೊಮ್ಮೆ ಅಡ್ಡಹೆಸರಿನದ್ದು. ಎರಡೂ ಕೊಡಿ. ಮದುವೆಯಲ್ಲಿ ಹೆಸರು ಬದಲಿಸುವ ಮನೆಗಳಲ್ಲಿ ತವರಿನ ಹೆಸರು, ಗಂಡನ ಮನೆಯ ಹೆಸರು ಎರಡೂ ಬೇಕು. ಬಿಡುಗಡೆ ಪತ್ರವನ್ನು ಗಂಡ ಬರೆದುಕೊಟ್ಟಿರುವುದೇ ಹೆಚ್ಚು, ಆದ್ದರಿಂದ ಗಂಡನ ಹೆಸರಿನಿಂದ ಶುರು ಮಾಡಿದರೆ ಬೇಗ ಸಿಗುತ್ತದೆ.

ಗಂಗಾವಳಿ ದಂಡೆ
ರಿಜಿಸ್ಟರ್ ಆಗದೆಯೇ ಇದ್ದರೆ?

ಶಿರಸಿ ಪೇಟೆ
ಆಗಲೇಬೇಕು ಅಂತ ಕಾನೂನು ಇರಲಿಲ್ಲ. ಕಡ್ಡಾಯ ಇದ್ದದ್ದು ಸ್ಥಿರಾಸ್ತಿಯ ಪತ್ರಗಳಿಗೆ. ಹಾಗಾಗಿ 4ನೇ ಪುಸ್ತಕದಲ್ಲಿ ಸಿಗಲಿಲ್ಲ ಅಂದರೆ ಬಿಡುಗಡೆ ಆಗಲಿಲ್ಲ ಅಂತ ಅರ್ಥವಲ್ಲ. ಆದರೆ ಪೋಟಗಿಗೆ ಗದ್ದೆ ಬಿಟ್ಟುಕೊಟ್ಟಿದ್ದರೆ, ತೋಟದ ಮೇಲೆ ಬೋಜಾ (ಋಣಭಾರ) ಇಟ್ಟಿದ್ದರೆ ಅದು 1ನೇ ಪುಸ್ತಕಕ್ಕೆ ಬಂದಿರುತ್ತದೆ. ಅದಕ್ಕೆ ಇಸಿ ಕೆಲಸ ಮಾಡುತ್ತದೆ. ಗಂಡನ ಮನೆಯ ಸರ್ವೆ ನಂಬರು ಗೊತ್ತಿದ್ದರೆ ಅದೇ ಹತ್ತಿರದ ದಾರಿ.

ಇದರ ಜೊತೆಗೇ ತಹಶೀಲ್ದಾರ ಕಚೇರಿಯ ದಾಖಲೆ ಕೋಣೆಯಲ್ಲಿ ಫೇರಫಾರ್ (ಹಕ್ಕು ಬದಲಾವಣೆ) ಪುಸ್ತಕ ತೆಗೆಸಿ. ಮುಂಬಯಿ ಪ್ರಾಂತದಲ್ಲಿ 1903ರ ಕಾಯ್ದೆಯಿಂದ ಹಕ್ಕುದಾಖಲೆ ಶುರುವಾಯಿತು, ಬದಲಾವಣೆಗಳು ಗ್ರಾಮ ನಮೂನೆ 6ರಲ್ಲಿ. "ಇಂಥವಳಿಗೆ ಹಯಾತಿ ತನಕ ಪೋಟಗಿ ಬಾಬ್ತು" (ಬದುಕಿರುವ ತನಕ ಜೀವನಾಂಶದ ಸಲುವಾಗಿ) ಅನ್ನುವಂಥ ಒಂದು ಸಾಲು ಸಿಕ್ಕಿದರೆ ಯಾಕೆ, ಯಾವ ಹುಕುಮಿನ ಮೇಲೆ ಅನ್ನುವುದೂ ಅಲ್ಲೇ ಇರುತ್ತದೆ. ಕೋರ್ಟಿನ ದಾವಾ ನಂಬರು ಹಲವರಿಗೆ ಸಿಗುವುದು ಕೋರ್ಟಿನಲ್ಲಲ್ಲ, ಈ ಸಾಲಿನಲ್ಲಿ.

ದಫ್ತರ ಕೋಣೆ
ಸರಿಯಾದ ಮಾತು. ದಾವಾ ನಂಬರು ಸಿಗದಿದ್ದರೆ ಕೋರ್ಟಿನಲ್ಲಿ ಹೀಗೆ ಮಾಡಿ.

ದಿವಾಣಿ (ಸಿವಿಲ್) ಪ್ರಕ್ರಿಯಾ ಸಂಹಿತೆಯ 4ನೇ ಆದೇಶದ 2ನೇ ನಿಯಮದ ಪ್ರಕಾರ ಪ್ರತಿ ದಾವೆ ದಾವಾ ರಿಜಿಸ್ಟರಿಗೆ ಏರಬೇಕು. ನಮೂನೆ ಎಚ್ ಅನುಬಂಧದ 14ನೆಯದು. ಅಡ್ಡಕ್ಕೆ ಉದ್ದವಾದ ಪುಸ್ತಕ: ಹಾಜರುಪಡಿಸಿದ ತಾರೀಖು, ನಂಬರು, ವಾದಿ, ಪ್ರತಿವಾದಿ, ಅವರ ಊರು, ಬೇಡಿಕೆಯ ವಿವರ, ದಾವೆಯ ಬೆಲೆ, ತೀರ್ಪಿನ ತಾರೀಖು, ಯಾರ ಪರ, ಅಪೀಲು, ಜಾರಿ. ಎಲ್ಲ ಓದುತ್ತಾ ಕೂತರೆ ದಿನ ಸಾಲುವುದಿಲ್ಲ. ಕಣ್ಣು ಎರಡೇ ಕಾಲಮ್ಮಿನ ಮೇಲಿರಲಿ, ಊರು ಮತ್ತು ಬೇಡಿಕೆ. ಒಂದೇ ಅಡ್ಡಹೆಸರಿನವರು ಎರಡೂ ಕಡೆ ಇದ್ದು, ಬೇಡಿಕೆಯಲ್ಲಿ ಅನ್ನವಸ್ತ್ರ, ಜೀವನಾಂಶ, ಪೋಟಗಿ ಕಂಡರೆ ನಿಲ್ಲಿ.

ಫೈಲಿನೊಳಗಿನ ಕಾಗದ ಅಷ್ಟೂ ಉಳಿದಿರುವುದಿಲ್ಲ. 1917ರ ದಾಖಲೆ ನಾಶ ಕಾಯ್ದೆ ಮತ್ತು ಹೈಕೋರ್ಟಿನ ನಿಯಮದಂತೆ ಅವಧಿ ಮುಗಿದದ್ದನ್ನು ನಾಶಮಾಡುತ್ತಾರೆ. ಸಾಕ್ಷಿ ಹೇಳಿಕೆ, ಸಮನ್ಸು, ವಕಾಲತ್ತು ಮೊದಲು ಹೋಗುತ್ತವೆ, ತೀರ್ಪು ಮತ್ತು ಡಿಕ್ರಿ ಹೆಚ್ಚು ಕಾಲ ಉಳಿಯುತ್ತವೆ. "ಫೈಲಿಲ್ಲ" ಅಂದರೆ ಅಲ್ಲಿಗೇ ಬಿಡದೆ "ತೀರ್ಪು, ಡಿಕ್ರಿ ಇದೆಯೇ, ಇಲ್ಲದಿದ್ದರೆ ದಾವಾ ರಿಜಿಸ್ಟರಿನ ಆ ನಮೂದಿನ ನಕಲು ಕೊಡಿ" ಅಂತ ಕೇಳಿ.

ಇನ್ನೊಂದು ಪುಸ್ತಕವನ್ನು ಎಲ್ಲರೂ ಮರೆಯುತ್ತಾರೆ: ದರಖಾಸ್ತು ರಿಜಿಸ್ಟರ್. ಪೋಟಗಿ ಡಿಕ್ರಿ ಒಮ್ಮೆ ಆಗಿ ಮುಗಿಯುವುದಲ್ಲ. ಗಂಡ ಹಣ ಕೊಡದಿದ್ದಾಗ ಮತ್ತೆ ಮತ್ತೆ ಜಾರಿಗೆ ದರಖಾಸ್ತು ಹಾಕಬೇಕು, ಪ್ರತಿಸಲ ಮೂಲ ದಾವೆಯ ನಂಬರು ಬರೆಯಲೇಬೇಕು. ಮೂಲ ರಿಜಿಸ್ಟರ್ ಗೆದ್ದಲು ತಿಂದಿದ್ದರೂ ಹತ್ತು ವರ್ಷ ಆಚೆಗಿನ ದರಖಾಸ್ತಿನಲ್ಲಿ ಅದು ಸಿಗಬಹುದು.

ಸುಂಕೇರಿ ಸೇತುವೆ
ಬಡವರು ದಿವಾಣಿ ದಾವೆಗೆ ಹೋಗುತ್ತಿದ್ದದ್ದು ಕಡಿಮೆ, ಸ್ಟಾಂಪಿಗೇ ದುಡ್ಡು ಬೇಕಲ್ಲ. ಅವರ ದಾರಿ ಮ್ಯಾಜಿಸ್ಟ್ರೇಟರು, 1898ರ ಕ್ರಿಮಿನಲ್ ಸಂಹಿತೆಯ 488ನೇ ಕಲಮು. ತಿಂಗಳಿಗೆ ಗರಿಷ್ಠ ಮೊದಲು 50 ರೂಪಾಯಿ ಇತ್ತು, 1923ರಲ್ಲಿ 100, 1955ರಲ್ಲಿ 500. ಈ ಅರ್ಜಿ ನಡೆಸುತ್ತಿದ್ದದ್ದು ಮೊದಲ ದರ್ಜೆಯ ಮ್ಯಾಜಿಸ್ಟ್ರೇಟ್, ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗದ ಮ್ಯಾಜಿಸ್ಟ್ರೇಟ್. ಮುಂಬಯಿಯಲ್ಲಿ ನ್ಯಾಯಾಂಗ ಮತ್ತು ಕಾರ್ಯಾಂಗ ಬೇರೆ ಮಾಡುವ ಕಾಯ್ದೆಯಾದದ್ದು 1951ರಲ್ಲಿ. ಅದಕ್ಕೆ ಹಿಂದಿನದ್ದಾದರೆ ಕೋರ್ಟಿನಲ್ಲಿ ಮಾತ್ರ ಕೇಳಿ ಬರಬೇಡಿ, ಪ್ರಾಂತ (ಉಪವಿಭಾಗ) ಅಧಿಕಾರಿಯ ಹಳೇ ದಫ್ತರದಲ್ಲೂ ಕೇಳಿ. ಉಳಿದಿರುವ ಆಸೆ ಇದರಲ್ಲಿ ತೀರಾ ಕಡಿಮೆ, ಅದನ್ನೂ ಹೇಳಿಬಿಡುತ್ತೇನೆ.

ಭಟ್ಕಳ ಬಂದರ
ಹಿಂದೂ ಮನೆತನದ ಮಾತೇ ಆಯಿತು. ಮುಸ್ಲಿಂ ಕುಟುಂಬದ ವಂಶಾವಳಿ ಬರೆಯುವವರಿಗೂ ಒಂದೆರಡು ಮಾತು. ತಲಾಖಿಗೆ ಸರ್ಕಾರಿ ರಿಜಿಸ್ಟರ್ ಹುಡುಕಬೇಡಿ. ಮೊದಲು ಜಮಾತಿನ ಖಾಜಿಯವರ ನಿಕಾಹ್ ಪುಸ್ತಕ. ಹೆಂಗಸಿನ ಎರಡನೇ ನಿಕಾಹ್ ನಮೂದಿನಲ್ಲಿ ಮೊದಲಿನದ್ದು ಹೇಗೆ ಮುಗಿಯಿತು ಅಂತ ಬರೆದಿದ್ದರೆ ಅದೇ ದಾಖಲೆ. ನವಾಯತ ಮನೆಗಳ ಹಳೇ ಕಾಗದ ಉರ್ದು ಲಿಪಿಯಲ್ಲಿದ್ದರೂ ಭಾಷೆ ನವಾಯತಿ ಇರಬಹುದು, ಬರೀ ಉರ್ದು ಬಲ್ಲವರಿಗೆ ತೋರಿಸಿದರೆ ಅರ್ಧ ತಪ್ಪು ಓದುತ್ತಾರೆ. ಮೆಹರ್ ಬಗ್ಗೆ ಬರೆದುಕೊಂಡ ಪತ್ರ ರಿಜಿಸ್ಟರ್ ಆಗಿದ್ದರೆ ಮೇಲೆ ಹೇಳಿದ 4ನೇ ಪುಸ್ತಕವೇ.

ಹೆಂಡತಿಯೇ ಬಿಡುಗಡೆ ಕೇಳಿದ್ದರೆ 1939ರ ಮುಸ್ಲಿಂ ವಿವಾಹ ವಿಸರ್ಜನೆ ಕಾಯ್ದೆಯ ಕೆಳಗೆ ದಿವಾಣಿ ಕೋರ್ಟಿನಲ್ಲಿ ಮಾಮೂಲು ದಾವೆಯಾಗಿ ಇರುತ್ತದೆ. ಭಟ್ಕಳ ಮೊದಲು ಹೊನ್ನಾವರದ ಕೆಳಗಿನ ಪೇಟಾ (ಉಪತಾಲೂಕು), ತಾಲೂಕಾಗಿದ್ದು ಆಮೇಲೆ. ಹಳೆಯದನ್ನು ಹೊನ್ನಾವರದಲ್ಲಿ ಕೇಳಿ.

ಸುಂಕೇರಿ ಸೇತುವೆ
ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆ. ಇದೊಂದರಲ್ಲಿ ಹುಡುಕುವವರಿಗೆ ಅನುಕೂಲ ಇದೆ: ಜಿಲ್ಲಾ ನ್ಯಾಯಾಧೀಶರು ವಿಚ್ಛೇದನ ಕೊಟ್ಟರೂ ಹೈಕೋರ್ಟು ಖಾಯಂ ಮಾಡಬೇಕಿತ್ತು, 2001ರ ತಿದ್ದುಪಡಿ ತನಕ. ಅಂದರೆ ಕಾರವಾರದಲ್ಲಿ ಫೈಲು ಹೋಗಿದ್ದರೂ ಇನ್ನೊಂದು ಕಡೆ ಕಾಗದ ಇರಬೇಕು. 1956ರ ನವೆಂಬರಿಗೆ ಮೊದಲು ತೀರ್ಮಾನವಾದದ್ದು ಮುಂಬಯಿ ಹೈಕೋರ್ಟು, ಆಮೇಲಿನದ್ದು ಬೆಂಗಳೂರು. ಧಾರವಾಡ ಪೀಠ ಶುರುವಾದದ್ದೇ 2008ರಲ್ಲಿ.

ಆದರೆ ಕರಾವಳಿಯ ಕಥೋಲಿಕರಲ್ಲಿ ಕೋರ್ಟಿಗೆ ಹೋದವರು ವಿರಳ. ಇಗರ್ಜಿಯ ಲೆಕ್ಕದಲ್ಲಿ ಮದುವೆ ಮುರಿಯುವುದಿಲ್ಲ, "ಮೊದಲಿನಿಂದಲೇ ಅಸಿಂಧು" ಅಂತ ಘೋಷಣೆ ಆಗಬಹುದು ಅಷ್ಟೇ. ಅದನ್ನು ಮದುವೆಯ ಪುಸ್ತಕದಲ್ಲೂ ದೀಕ್ಷಾಸ್ನಾನದ ಪುಸ್ತಕದಲ್ಲೂ ಅಂಚಿನಲ್ಲಿ ಬರೆಯುತ್ತಾರೆ. ಆದ್ದರಿಂದ ಮದುವೆಯಾದ ಇಗರ್ಜಿ ಗೊತ್ತಿಲ್ಲದಿದ್ದರೆ ದೀಕ್ಷಾಸ್ನಾನ ಆದ ಇಗರ್ಜಿಯಲ್ಲಿ ಅಂಚು ನೋಡಿ, ಸಣ್ಣ ಅಕ್ಷರದ ಲ್ಯಾಟಿನ್ ಸಾಲು. ಕಾರವಾರ ಧರ್ಮಪ್ರಾಂತ ಬೇರೆಯಾದದ್ದು 1976ರಲ್ಲಿ, ಅದಕ್ಕೆ ಮೊದಲು ಬೆಳಗಾವಿ, 1953ಕ್ಕೂ ಹಿಂದಿನ ಕಡತಕ್ಕೆ ಗೋವೆಯಲ್ಲೂ ವಿಚಾರಿಸಬೇಕಾಗುತ್ತದೆ.

ಕೋಡಿಬಾಗ
ಗೋವೆ ಅಂದಿರಲ್ಲ, ಮಾಜಾಳಿ ದಾಟಿ ಕಾಣಕೋಣಕ್ಕೆ ಕೊಟ್ಟ ಹೆಣ್ಣುಮಕ್ಕಳ ವಿಷಯವೇ ಬೇರೆ. ಅಲ್ಲಿ 1910ರ ನವೆಂಬರ್ 3ರ ಪೋರ್ಚುಗೀಸ್ ವಿಚ್ಛೇದನ ಕಾನೂನು ಬಂದಿತ್ತು, ಅಂದರೆ ನಮಗಿಂತ 37 ವರ್ಷ ಮೊದಲು. ಮದುವೆ ಸಿವಿಲ್ ರಿಜಿಸ್ಟ್ರಾರರ ಪುಸ್ತಕದಲ್ಲಿ ಏರಿದ್ದರೆ ವಿಚ್ಛೇದನವನ್ನು ಅದೇ ನಮೂದಿನ ಅಂಚಿನಲ್ಲಿ ಬರೆಯುತ್ತಾರೆ, ಕೋರ್ಟು ಮತ್ತು ತೀರ್ಪಿನ ತಾರೀಖು ಸಮೇತ. ತಾಲೂಕಿನ ಸಿವಿಲ್ ರಿಜಿಸ್ಟ್ರಾರ್ ಕಚೇರಿ, ಹಳೆಯದಕ್ಕೆ ಪಣಜಿಯ ಪತ್ರಾಗಾರ. ನಕಲು ಕೇಳುವಾಗ "ಅಂಚಿನ ಟಿಪ್ಪಣಿ ಸಹಿತ ಪೂರ್ತಿ ನಮೂದು" ಅಂತ ಬರೆಯಿರಿ. ಸಂಕ್ಷಿಪ್ತ ಸರ್ಟಿಫಿಕೇಟಿನಲ್ಲಿ ಅದು ಬಿಟ್ಟುಹೋದರೆ ಮತ್ತೆ ಅಲೆದಾಟ.

ಶಿರಸಿ ಪೇಟೆ
ಗಡಿಯ ಮಾತು ಬಂತಲ್ಲ, ಉಳಿದ ಎರಡು ಗಡಿಯೂ ಹೀಗೇ. ಭಟ್ಕಳದಿಂದ ಶಿರೂರು ದಾಟಿದರೆ ಮದ್ರಾಸ್ ಪ್ರಾಂತ, ಅಲ್ಲಿ ಹಿಂದೂ ವಿಚ್ಛೇದನ 1949ರ ಮದ್ರಾಸ್ ಕಾಯ್ದೆಯದ್ದು. ಸಿದ್ದಾಪುರದಿಂದ ಸಾಗರಕ್ಕೆ ಕೊಟ್ಟಿದ್ದರೆ ಮೈಸೂರು ಸಂಸ್ಥಾನ. ಅಲ್ಲಿ 1933ರ ಮಹಿಳಾ ಹಕ್ಕುಗಳ ಕಾಯ್ದೆಯಲ್ಲಿ ಪ್ರತ್ಯೇಕ ವಾಸ, ಜೀವನಾಂಶ ಇತ್ತು, ವಿಚ್ಛೇದನಕ್ಕೆ 1955ರ ತನಕ ಕಾಯಬೇಕಾಯಿತು. ಮೂವತ್ತು ಮೈಲಿ ಅಂತರದಲ್ಲಿ ಮೂರು ಕಾನೂನು! ತವರಿನ ತಾಲೂಕಿನಲ್ಲಿ ಹುಡುಕುತ್ತಾ ಕೂತರೆ ಗಂಡನ ಊರಿನ ಕೋರ್ಟಿನಲ್ಲಿ ಇರುವುದು ಸಿಗುವುದೇ ಇಲ್ಲ.

ಗಂಗಾವಳಿ ದಂಡೆ
ಇಷ್ಟು ದಿಕ್ಕು ಸಾಕು, ಉಪಕಾರ. ಕೋರ್ಟಿನಲ್ಲಿ ನಕಲು ನನಗೆ ಕೊಡುತ್ತಾರೆಯೇ? ಮಾಹಿತಿ ಹಕ್ಕಿನಲ್ಲಿ ಹಾಕಲೇ?

ದಫ್ತರ ಕೋಣೆ
ಹಾಕಬೇಡಿ. ಕೋರ್ಟಿನ ಕಡತದ ನಕಲನ್ನು ಕೋರ್ಟಿನ ನಿಯಮದಲ್ಲೇ ಪಡೆಯಬೇಕು, ಮಾಹಿತಿ ಹಕ್ಕಿನಲ್ಲಲ್ಲ ಅಂತ ಸುಪ್ರೀಂ ಕೋರ್ಟು 2020ರ ಮಾರ್ಚಿನಲ್ಲಿ ಗುಜರಾತ್ ಹೈಕೋರ್ಟಿನ ಪ್ರಕರಣದಲ್ಲಿ ಹೇಳಿದೆ. ನೀವು ಪಕ್ಷಗಾರರಲ್ಲ, ಹಾಗಾಗಿ ನಕಲು ಅರ್ಜಿಯ ಜೊತೆ ಅಫಿಡವಿಟ್ಟು ಬೇಕು: ಸಂಬಂಧ ಏನು, ಯಾಕೆ ಬೇಕು, ಇಬ್ಬರೂ ತೀರಿಕೊಂಡಿದ್ದಾರೆ. ವಂಶವೃಕ್ಷ, ಮರಣ ದಾಖಲೆ ಲಗತ್ತಿಸಿ. ದಾವಾ ನಂಬರು, ಇಸವಿ, ಕೋರ್ಟಿನ ಹೆಸರು, ತೀರ್ಮಾನದ ತಾರೀಖು ಬರೆದರೆ ನಕಲು ವಿಭಾಗ ಹುಡುಕುತ್ತದೆ. ನಂಬರು ಇಲ್ಲದ ಅರ್ಜಿಗೆ "ವಿವರ ಸಾಲದು" ಅಂತ ಷರಾ ಬೀಳುತ್ತದೆ. ಕುಮಟೆಯಲ್ಲಿ ಒಬ್ಬ ವಕೀಲರ ಮೂಲಕ ಹಾಕಿದರೆ ಸಲೀಸು.

ಸಿಕ್ಕಿದ್ದನ್ನು ಫೇಸ್‌ಬುಕ್ಕಿಗೆ ಏರಿಸಬೇಡಿ. ಹಿಂದೂ ವಿವಾಹ ಕಾಯ್ದೆಯ 22ನೇ ಕಲಮಿನಲ್ಲಿ ಈ ವ್ಯವಹರಣೆಯ ವಿಷಯ ಪ್ರಕಟಿಸುವುದಕ್ಕೆ ತಡೆ ಇದೆ, ಅನುಮತಿ ಪಡೆದು ಅಚ್ಚಾದ ಹೈಕೋರ್ಟು, ಸುಪ್ರೀಂ ಕೋರ್ಟಿನ ತೀರ್ಪು ಮಾತ್ರ ಹೊರತು.

ಮೋಡಿ ಓದುಗ
ತಡವಾಗಿ ಬಂದೆ. ಹಳೆ ಕಾಗದದಲ್ಲಿ ಇಂಗ್ಲಿಷ್ ತಾರೀಖು ಇಲ್ಲದೆ ಶಕೆ, ಸಂವತ್ಸರ ಮಾತ್ರ ಇದ್ದರೆ ಶಕೆಗೆ 78 ಕೂಡಿಸಿ, ಪುಷ್ಯದಿಂದ ಫಾಲ್ಗುಣದ ತನಕ ಬಹುಪಾಲು 79. ಸಂವತ್ಸರದ ಹೆಸರೊಂದನ್ನೇ ನಂಬಬೇಡಿ, 60 ವರ್ಷಕ್ಕೆ ಅದೇ ಮತ್ತೆ ಬರುತ್ತದೆ. ವಿಕಾರಿ 1899ರಲ್ಲೂ ಇತ್ತು, 1959ರಲ್ಲೂ ಇತ್ತು. ಅಜ್ಜಿಯ ಸೋಡಚೀಟಿ ಅಂದುಕೊಂಡದ್ದು ಮುತ್ತಜ್ಜಿಯದ್ದಾಗಿರಬಹುದು. ಹಳಿಯಾಳ, ಸೂಪಾ ಕಡೆಯ ಕಾಗದ ಮೋಡಿಯಲ್ಲಿದ್ದರೆ (ಮರಾಠಿಯ ಹಳೆ ಕೂಡುಬರಹದ ಲಿಪಿ) ಇಲ್ಲಿ ಹಾಕದೆ ಖಾಸಗಿಯಾಗಿ ಕಳಿಸಿ, ಮಸಿ ಮಾಸಿದ್ದರೆ ಓರೆ ಬೆಳಕಿನಲ್ಲಿ ಫೋಟೋ ತೆಗೆಯಿರಿ, ಫ್ಲಾಶ್ ಬೇಡ.

ಭಟ್ಕಳ ಬಂದರ
1951ರ ಕಾಗದದಲ್ಲಿ "ತಂದೆ" ಅಂತ ಇದೆಯಲ್ಲ, ಅಷ್ಟೇ ಸಾಕಲ್ಲವೇ? ವಂಶಾವಳಿಯಲ್ಲಿ ವಿಚ್ಛೇದನ ಅಂತ ಬರೆದುಬಿಡಬಹುದು.

ದಫ್ತರ ಕೋಣೆ
ಸಾಲದು. ತವರಿನ ಆಸ್ತಿಯ ಕಾಗದದಲ್ಲಿ ಮಗಳ ಹಕ್ಕು ತಂದೆಯಿಂದ ಬಂದದ್ದು, ಗುಮಾಸ್ತ ಅದಕ್ಕೇ ತಂದೆಯ ಹೆಸರು ಹಾಕಿರಬಹುದು. ಮತದಾರರ ಪಟ್ಟಿಯಲ್ಲೂ ಹಾಗೇ ಇದ್ದರೆ ಬೇರೆ ವಾಸಕ್ಕೆ ಪುಷ್ಟಿ ಸಿಕ್ಕಿತು, ಬಿಡುಗಡೆಗೆ ಅಲ್ಲ. ಮುಂಬಯಿಯಲ್ಲಿ ಹಿಂದೂ ದ್ವಿಪತ್ನಿತ್ವ ನಿಷೇಧವಾದದ್ದು 1946ರ ಕಾಯ್ದೆಯಿಂದ. ಗಂಡನ ಎರಡನೇ ಮದುವೆ ಅದಕ್ಕೆ ಮೊದಲಾಗಿದ್ದರೆ ಮೊದಲಿನದ್ದು ಮುರಿಯುವ ಅಗತ್ಯವೇ ಇರಲಿಲ್ಲ. ಆ ಮದುವೆಯ ಇಸವಿ ಮೊದಲು ಗಟ್ಟಿ ಮಾಡಿಕೊಳ್ಳಿ. ಆಮೇಲಿನದ್ದಾದರೆ ಎಲ್ಲೋ ಒಂದು ಕಡೆ ಕಾಗದ ಇರುವ ಸಂಭವ ಜಾಸ್ತಿ.

ಜಾತಿ ಕೂಟದ ತೀರ್ಮಾನ ಸಿಕ್ಕಿದರೂ "ಕೂಟದಿಂದ ಬಿಡುಗಡೆ" ಅಂತಲೇ ಬರೆಯಿರಿ. ಮದುವೆ ಅಸಿಂಧು ಅಂತ ಹೇಳುವ, ಹೆಂಗಸಿಗೆ ಮರುಮದುವೆಗೆ ಒಪ್ಪಿಗೆ ಕೊಡುವ ಅಧಿಕಾರ ಜಾತಿಗೆ ಇದೆ ಅಂತ ಕೋರ್ಟು ಒಪ್ಪುವುದಿಲ್ಲ ಎಂದು ಮುಂಬಯಿ ಹೈಕೋರ್ಟು 1876ರಲ್ಲೇ ಶಂಭು ರಘು ಪ್ರಕರಣದಲ್ಲಿ ಹೇಳಿತ್ತು. ರೂಢಿಯ ಬಿಡುಗಡೆಯನ್ನು 1955ರ ಕಾಯ್ದೆಯ 29ನೇ ಕಲಮು ಉಳಿಸಿಕೊಂಡಿದೆ, ಆದರೆ ಆ ರೂಢಿ ಇತ್ತು ಅಂತ ತೋರಿಸಬೇಕು.

ಗಂಗಾವಳಿ ದಂಡೆ
ಎರಡನೇ ಮದುವೆಯ ಮೊದಲ ಮಗುವಿನ ಜನ್ಮ ನೋಂದಣಿ 1949. ಅಂದರೆ ಮದುವೆ 1946ರ ಆಚೆಗೂ ಈಚೆಗೂ ಆಗಿರಬಹುದು.

ಶಿರಸಿ ಪೇಟೆ
ಹಾಗಾದರೆ ಕುಮಟೆ ಸಬ್‌ರಿಜಿಸ್ಟ್ರಾರರಲ್ಲಿ 1945ರಿಂದ 1950ರ 4ನೇ ಇಂಡೆಕ್ಸ್, ಗಂಡನ ಹೆಸರಿನಲ್ಲಿ. ಅದೇ ದಿನ ತಹಶೀಲ್ದಾರ ಕಚೇರಿಯಲ್ಲಿ ಗಂಡನ ಊರಿನ ಫೇರಫಾರಿಗೆ ಅರ್ಜಿ ಕೊಟ್ಟುಬಿಡಿ. ಕೋರ್ಟು ಆಮೇಲೆ ನೋಡಿದರಾಯಿತು.